ಹೆಪ್ಪುಗಟ್ಟದ ನೀರಿನ ಹುಡುಕಾಟ

ಕಾರಿನ ಬಾನೆಟ್ ತೆರೆದಾಗ ಒಳಗೆ ಇಣುಕಿ ನೋಡಿದ್ದೀರಾ? ಎಂಜಿನ್ನಿನ ಪಕ್ಕದಲ್ಲಿ ಹಸಿರು ಇಲ್ಲವೇ ಗುಲಾಬಿ ಬಣ್ಣದ ದ್ರವವಿರುವ ಪ್ಲಾಸ್ಟಿಕ್ ಡಬ್ಬಿಯೊಂದು ಕಾಣುತ್ತದೆ. ಮೆಕ್ಯಾನಿಕ್‌ಗಳು ಆ ದ್ರವವನ್ನು ಕೂಲಂಟ್ ಎನ್ನುತ್ತಾರೆ. ಅದು ಬರಿಯ ನೀರಲ್ಲ. ನೀರಿಗೆ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕವನ್ನು ಬೆರೆಸಿರುತ್ತಾರೆ. ನಮ್ಮ ನಾಡಿನಲ್ಲಿ ಎಂಥ ಚಳಿಗಾಲದಲ್ಲೂ ಕೆರೆಯ ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಹೆಪ್ಪುಗಟ್ಟದಂತೆ ತಡೆಯಲು ಹುಟ್ಟಿದ ಈ ದ್ರವ ನಮ್ಮ ವಾಹನಗಳಲ್ಲೂ ಇದೆ. ಇದರ ಹಿಂದೆ ಸ್ವಾರಸ್ಯಕರವಾದ ಇತಿಹಾಸವಿದೆ. ಕೊನೆಯಲ್ಲಿ ಒಂದು ಎಚ್ಚರಿಕೆಯೂ ಇದೆ.

ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯೆಲ್ಲ ಚಕ್ರಗಳಿಗೆ ತಲುಪುವುದಿಲ್ಲ. ದೊಡ್ಡ ಪಾಲು ಉಷ್ಣವಾಗಿ ಉಳಿಯುತ್ತದೆ. ಅದನ್ನು ಹೊರಹಾಕದಿದ್ದರೆ ಎಂಜಿನ್ ಕೆಡುತ್ತದೆ. ಈ ಕೆಲಸಕ್ಕೆ ನೀರಿಗಿಂತ ಅಗ್ಗದ, ಉತ್ತಮವಾದ ದ್ರವ ಸಿಗುವುದು ಕಷ್ಟ. ಒಂದು ಗ್ರಾಮ್ ನೀರಿನ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಲು ಸುಮಾರು 4.2 ಜೂಲ್ ಉಷ್ಣ ಬೇಕು. ಅಂದರೆ ಕಡಿಮೆ ನೀರು ಹೆಚ್ಚು ಉಷ್ಣವನ್ನು ಹೊತ್ತೊಯ್ಯಬಲ್ಲದು.

ಆದರೆ ನೀರಿಗೆ ಇನ್ನೊಂದು ಗುಣವಿದೆ. ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಉತ್ತರ ಅಮೆರಿಕದ ಮಿನೆಸೋಟ, ಉತ್ತರ ಡಕೋಟ ಮತ್ತು ಕೆನಡಾದ ಬಯಲುಗಳಲ್ಲಿ ಚಳಿಗಾಲದ ರಾತ್ರಿ ಉಷ್ಣತೆ ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿಳಿಯುವುದುಂಟು. ಎಂಜಿನ್ನಿನಲ್ಲಿ ಸಿಕ್ಕಿಬಿದ್ದ ನೀರು ಅಲ್ಲಿ ಮಂಜುಗಡ್ಡೆಯಾದರೆ ಎರಕದ ಕಬ್ಬಿಣವೂ ಸೀಳಿಹೋಗುತ್ತದೆ.

1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಬಂದ ಮೇಲೆ ರೈತರು, ಹಳ್ಳಿಯ ವೈದ್ಯರು ಕೂಡ ಕಾರು ಕೊಂಡರು. ಚಳಿಗಾಲಕ್ಕೆ ಅವರಿಗಿದ್ದ ಸರಳ ಉಪಾಯ, ರಾತ್ರಿ ರೇಡಿಯೇಟರಿನ ನಲ್ಲಿ ತಿರುಗಿಸಿ ನೀರನ್ನೆಲ್ಲ ಚೆಲ್ಲಿ, ಬೆಳಗ್ಗೆ ಬಿಸಿನೀರು ತುಂಬುವುದು. ಒಂದು ರಾತ್ರಿ ಮರೆತರೆ ಎಂಜಿನ್ ಹೋದಂತೆಯೇ.

ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಅದು ಹೆಪ್ಪುಗಟ್ಟುವ ಬಿಂದು ಇಳಿಯುತ್ತದೆ ಎಂಬುದನ್ನು ನೀವು ತರಗತಿಯಲ್ಲಿ ಓದಿದ್ದೀರಿ. ಉಪ್ಪನ್ನೇ ಬಳಸಬಹುದಲ್ಲ ಎನಿಸುತ್ತದೆ. ಕ್ಯಾಲ್ಸಿಯಮ್ ಕ್ಲೋರೈಡನ್ನು ಬಳಸಿಯೂ ನೋಡಿದರು. ಆದರೆ ಅದು ಲೋಹವನ್ನು ತಿಂದುಹಾಕಿತು. ಜೇನುತುಪ್ಪ, ಗ್ಲಿಸರಿನ್‌ಗಳನ್ನೂ ಪರೀಕ್ಷಿಸಿದರು. ಅವು ಚಳಿಯಲ್ಲಿ ಮಂದವಾಗಿ ಸರಾಗವಾಗಿ ಹರಿಯಲಿಲ್ಲ. ಹೆಚ್ಚು ಬಳಕೆಗೆ ಬಂದದ್ದು ಆಲ್ಕೋಹಾಲ್.

ಇದಕ್ಕೆ ಕಾರಣವೇನೆಂದು ಲೆಕ್ಕ ಹಾಕೋಣ. ಒಂದು ಕಿಲೋಗ್ರಾಮ್ ನೀರಿನಲ್ಲಿ ಅಯಾನುಗಳಾಗಿ ಒಡೆಯದ ಯಾವುದೇ ವಸ್ತುವಿನ ಒಂದು ಮೋಲ್ ಕರಗಿದರೆ ಹೆಪ್ಪುಗಟ್ಟುವ ಬಿಂದು 1.86 ಡಿಗ್ರಿ ಇಳಿಯುತ್ತದೆ. 20 ಡಿಗ್ರಿ ಇಳಿಸಲು ಸುಮಾರು 10.75 ಮೋಲ್ ಬೇಕು. ಮೆಥನಾಲಿನ ಅಣುತೂಕ 32. ಆದ್ದರಿಂದ 344 ಗ್ರಾಮ್ ಸಾಕು. ಎಥನಾಲ್ 495 ಗ್ರಾಮ್ ಬೇಕು. ಎಥಿಲೀನ್ ಗ್ಲೈಕಾಲಿನ ಅಣುತೂಕ 62, ಬೇಕಾದದ್ದು 667 ಗ್ರಾಮ್. (ಇಷ್ಟು ಪ್ರಬಲ ದ್ರಾವಣಕ್ಕೆ ಈ ಲೆಕ್ಕ ಸ್ಥೂಲವಾದದ್ದು.) ಹಗುರ ಅಣುವಿನ ಮೆಥನಾಲೇ ಲಾಭಕರ ಎನಿಸುವುದಿಲ್ಲವೆ?

ಕಾಗದದ ಮೇಲೆ ಹೌದು, ರಸ್ತೆಯ ಮೇಲೆ ಅಲ್ಲ. ಮೆಥನಾಲಿನ ಕುದಿಬಿಂದು 65 ಡಿಗ್ರಿ, ಎಥನಾಲಿನದು 78. ಎಂಜಿನ್ ಬಿಸಿಯಾದಂತೆ ಆಲ್ಕೋಹಾಲ್ ಆವಿಯಾಗಿ ಹೋಗುತ್ತದೆ. ರೇಡಿಯೇಟರ್ ತುಂಬಿದಂತೆಯೇ ಕಂಡರೂ ಅದರಲ್ಲಿ ಉಳಿದಿರುವುದು ಹೆಚ್ಚಾಗಿ ನೀರು. ಆ ರಾತ್ರಿ ಚಳಿ ಹೆಚ್ಚಾದರೆ ಎಂಜಿನ್ ಸೀಳುತ್ತದೆ. ಹೀಗಾಗಿ ಮತ್ತೆ ಮತ್ತೆ ಸಾಂದ್ರತೆಯನ್ನು ಅಳೆದು ಆಲ್ಕೋಹಾಲ್ ಸೇರಿಸುತ್ತಿರಬೇಕಾಗಿತ್ತು.

ಪರಿಹಾರ ಬಹಳ ಹಿಂದೆಯೇ ಪ್ರಯೋಗಶಾಲೆಯಲ್ಲಿ ಸಿದ್ಧವಾಗಿತ್ತು. ಫ್ರಾನ್ಸಿನ ರಸಾಯನವಿಜ್ಞಾನಿ ಷಾರ್ಲ್ ಅಡಾಲ್ಫ್ ವುರ್ಟ್ಸ್ 1850ರ ದಶಕದಲ್ಲಿ ಎಥಿಲೀನ್ ಗ್ಲೈಕಾಲನ್ನು ತಯಾರಿಸಿದ್ದರು. ಅದಕ್ಕೆ ಹೇಳಿಕೊಳ್ಳುವಂಥ ಉಪಯೋಗ ಆಗ ಇರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ಸ್ಫೋಟಕಗಳ ತಯಾರಿಕೆಯಲ್ಲಿ ಗ್ಲಿಸರಿನ್‌ಗೆ ಬದಲಾಗಿ ಇದನ್ನು ಬಳಸಿತು. 1927ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಸಮೂಹ ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಇದನ್ನು ವಾಹನಗಳಿಗಾಗಿ ಮಾರುಕಟ್ಟೆಗೆ ತಂದಿತು. ಗ್ಲೈಕಾಲ್ ಕುದಿಯುವುದು 197 ಡಿಗ್ರಿಯಲ್ಲಿ. ಆದ್ದರಿಂದ ರೇಡಿಯೇಟರಿನಿಂದ ಅದು ಆವಿಯಾಗಿ ಹೋಗುವುದು ತೀರ ಕಡಿಮೆ. ನೀರಿನೊಂದಿಗೆ ಸಮಗಾತ್ರದಲ್ಲಿ ಬೆರೆಸಿದರೆ ಮಿಶ್ರಣ ಸುಮಾರು −37 ಡಿಗ್ರಿಯವರೆಗೆ ಹೆಪ್ಪುಗಟ್ಟದು.

ಹಾಗಾದರೆ ಶುದ್ಧ ಗ್ಲೈಕಾಲನ್ನೇ ತುಂಬಬಹುದೆ? ಬೇಡ. ಶುದ್ಧ ಗ್ಲೈಕಾಲ್ −13 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ! ನೀರು ಗ್ಲೈಕಾಲಿನ ಅಣುಗಳ ಜೋಡಣೆಗೆ ಅಡ್ಡಿಯಾಗುತ್ತದೆ, ಗ್ಲೈಕಾಲ್ ನೀರಿನ ಅಣುಗಳ ಜೋಡಣೆಗೆ ಅಡ್ಡಿಯಾಗುತ್ತದೆ. ಎರಡೂ ಸೇರಿದಾಗಲೇ ರಕ್ಷಣೆ.

ಚಳಿಯ ಕಾಟ ರೇಡಿಯೇಟರಿಗೆ ಮುಗಿಯುವುದಿಲ್ಲ. ಶೀತದಲ್ಲಿ ಎಂಜಿನ್ ಎಣ್ಣೆಯ ಸ್ನಿಗ್ಧತೆ ಏರುತ್ತದೆ. ಬ್ಯಾಟರಿಯ ಸಾಮರ್ಥ್ಯ −18 ಡಿಗ್ರಿಯಲ್ಲಿ ಅರ್ಧಕ್ಕೆ ಇಳಿಯಬಹುದು. ಹೆಚ್ಚು ಬಲ ಬೇಕಾದಾಗಲೇ ಬಲ ಕಡಿಮೆ! ಉತ್ತರ ಡಕೋಟದ ಆಂಡ್ರ್ಯೂ ಫ್ರೀಮನ್ ಎಂಜಿನ್ನಿನ ಒಂದು ಬೋಲ್ಟಿನ ಜಾಗದಲ್ಲಿ ಕೂರಿಸುವ ವಿದ್ಯುತ್ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು. ಕೆನಡಾದ ಶೀತನಗರಗಳಲ್ಲಿ ವಾಹನ ನಿಲ್ಲಿಸುವ ಜಾಗದಲ್ಲಿ ಪ್ಲಗ್ ಪಾಯಿಂಟುಗಳಿರುವುದು ಇಂಥ ಹೀಟರುಗಳಿಗಾಗಿಯೇ. ಚಳಿಯಲ್ಲಿ ರಬ್ಬರ್ ಗಡುಸಾಗಿ ಟೈರು ಹಿಮದ ಮೇಲೆ ಜಾರುತ್ತದೆ. ಫಿನ್ಲೆಂಡಿನಲ್ಲಿ 1934ರಲ್ಲಿ ಲಾರಿಗಳಿಗೂ 1936ರಲ್ಲಿ ಕಾರುಗಳಿಗೂ ಹಿಮದ ಟೈರುಗಳು ಬಂದವು. ಚಳಿಯಲ್ಲೂ ಬಿಸಿಯಲ್ಲೂ ಹೊಂದುವ ಬಹುದರ್ಜೆ ಎಣ್ಣೆಗಳು 1950ರ ದಶಕದಲ್ಲಿ ಬಂದವು. ನಮ್ಮ ಬೈಕುಗಳಿಗೆ ಹಾಕುವ ಎಣ್ಣೆಯ ಡಬ್ಬಿಯ ಮೇಲಿನ 20ಡಬ್ಲ್ಯು-40 ಎಂಬುದನ್ನು ನೋಡಿ. ಅದರಲ್ಲಿ ‘ಡಬ್ಲ್ಯು’ ಎಂದರೆ ವಿಂಟರ್, ಚಳಿಗಾಲ.

ಈಗ ಎಚ್ಚರಿಕೆಯ ಮಾತು. ಗ್ಲೈಕಾಲಿನ ರುಚಿ ಸಿಹಿ. ಆದರೆ ಅದು ವಿಷ. ಸುಮಾರು 100 ಮಿಲಿಲೀಟರ್ ವಯಸ್ಕರ ಪ್ರಾಣವನ್ನೇ ತೆಗೆಯಬಲ್ಲದು. ಮಕ್ಕಳಿಗೆ, ನಾಯಿಗಳಿಗೆ ಇನ್ನೂ ಕಡಿಮೆ ಸಾಕು. ಯಕೃತ್ತಿನಲ್ಲಿರುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಗ್ಲೈಕಾಲನ್ನು ಆಮ್ಲಗಳಾಗಿ ಮಾರ್ಪಡಿಸುವ ಕ್ರಿಯೆಯನ್ನು ಆರಂಭಿಸುತ್ತದೆ. ಕೊನೆಗೆ ಉಂಟಾಗುವ ಕ್ಯಾಲ್ಸಿಯಮ್ ಆಕ್ಸಲೇಟಿನ ಹರಳುಗಳು ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಇದಕ್ಕೆ ವೈದ್ಯರು ಬಹುಕಾಲ ಬಳಸಿದ ಪ್ರತಿವಿಷ ಯಾವುದು ಗೊತ್ತೆ? ಎಥನಾಲ್! ಅದೇ ಕಿಣ್ವವನ್ನು ಎಥನಾಲ್ ಮೊದಲು ಆಕ್ರಮಿಸಿಕೊಳ್ಳುವುದರಿಂದ ಗ್ಲೈಕಾಲ್ ಮಾರ್ಪಡದೆ ಮೂತ್ರದಲ್ಲಿ ಹೊರಹೋಗುತ್ತದೆ. ಗ್ಲೈಕಾಲ್ ಯಾವ ಆಲ್ಕೋಹಾಲನ್ನು ರೇಡಿಯೇಟರಿನಿಂದ ಹೊರಗಟ್ಟಿತೋ ಅದೇ ಆಲ್ಕೋಹಾಲ್ ಗ್ಲೈಕಾಲಿನ ವಿಷಕ್ಕೆ ಮದ್ದಾಯಿತು. ಫೋಮೆಪಿಝೋಲ್ ಎಂಬ ಔಷಧಿಗೆ 1997ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಈ ಚಿಕಿತ್ಸೆ ನಡೆಯಬೇಕಾದದ್ದು ಆಸ್ಪತ್ರೆಯಲ್ಲಿ. ಮನೆಯಲ್ಲಿ ಪ್ರಯೋಗಿಸುವಂಥದಲ್ಲ. ಯಾರಾದರೂ ಕೂಲಂಟ್ ಕುಡಿದರೆ ಲಕ್ಷಣಗಳಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮ ಬಿಸಿಲಿನ ನಾಡಿನಲ್ಲಿ ಗ್ಲೈಕಾಲಿಗೆ ಬೇರೆ ಕೆಲಸವಿದೆ. ಅದು ನೀರಿನ ಕುದಿಬಿಂದುವನ್ನು ಏರಿಸುತ್ತದೆ. ಜೊತೆಗೆ ಬೆರೆಸಿದ ರಾಸಾಯನಿಕಗಳು ತುಕ್ಕನ್ನು ತಡೆಯುತ್ತವೆ. ಅನೇಕ ವಿದ್ಯುತ್ ಕಾರುಗಳ ಬ್ಯಾಟರಿಯನ್ನು ತಣ್ಣಗಿಡುವುದೂ ಇಂಥದೇ ಮಿಶ್ರಣ. ಹಾಗಾಗಿ ಅದು ನಮ್ಮ ಮನೆಗಳಿಗೂ ಬಂದಿದೆ. ಉಳಿದ ಕೂಲಂಟನ್ನು ನೀರಿನ ಅಥವಾ ಶರಬತ್ತಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಮೂಲ ಡಬ್ಬಿಯಲ್ಲೇ, ಮಕ್ಕಳ ಕೈಗೆ ಎಟುಕದಲ್ಲಿ ಇರಲಿ. ನೆಲಕ್ಕೆ ಚೆಲ್ಲಿದ್ದನ್ನು ಒರೆಸಿ ತೊಳೆಯಿರಿ. ಶಿಕ್ಷಕರು ಹೆಪ್ಪುಗಟ್ಟುವ ಬಿಂದುವಿನ ಪಾಠ ಮಾಡುವ ದಿನ ಇಷ್ಟನ್ನೂ ಸೇರಿಸಿ ಹೇಳಿದರೆ ಒಂದು ಜೀವ ಉಳಿದೀತು.