ಎರಡನೇ ಸ್ಕ್ರೀನಿಗೆ ಬ್ಯಾಟರಿ ಇಲ್ಲ

2020ರಲ್ಲಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡೋಕೆ ಶುರು ಮಾಡಿದಾಗ, ನಮ್ಮ ಟೀಮಿನ ಚಾಟ್‌ನಲ್ಲಿ ಕೋಡ್‌ಗಿಂತ ಜಾಸ್ತಿ ಚರ್ಚೆ ಆಗಿದ್ದು ಎರಡು ವಸ್ತುಗಳ ಬಗ್ಗೆ. ಒಂದು ಎರಡನೇ ಮಾನಿಟರ್, ಇನ್ನೊಂದು ಯುಪಿಎಸ್. ಯಾವ ಸೈಜು, ಎಷ್ಟು ವಿಎ, ಎಷ್ಟು ನಿಮಿಷ ಬರುತ್ತೆ ಅಂತ ದಿನವಿಡೀ ಅದೇ ಮಾತು. ಎರಡೂ ಈಗಿನ ಕಾಲದ ಸೋಕಿ ಅನ್ನೋ ಭಾವನೆ ಹಲವರಿಗಿತ್ತು. ನೋಡಿದರೆ ಎರಡಕ್ಕೂ ಒಳ್ಳೇ ಇತಿಹಾಸವಿದೆ. ಮಾನಿಟರಿನದು ಅಮೆರಿಕದ್ದು, ಬೇಗ ಹೇಳಿ ಮುಗಿಸಬಹುದು. ಕರೆಂಟ್ ಬ್ಯಾಕಪ್ಪಿನದು ಮಾತ್ರ ನಮ್ಮ ಮನೆ ಬಾಗಿಲಿನದು.

1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂತು. ಅದಕ್ಕೆ ಎರಡು ಬಗೆಯ ಡಿಸ್‌ಪ್ಲೇ ಕಾರ್ಡ್‌ಗಳಿದ್ದವು. ಒಂದರಲ್ಲಿ ಅಕ್ಷರಗಳು ಮಾತ್ರ, ಹಸಿರು ಬಣ್ಣದಲ್ಲಿ, ಬಹಳ ಚೊಕ್ಕವಾಗಿ. ಇನ್ನೊಂದರಲ್ಲಿ ಬಣ್ಣ ಮತ್ತು ಚಿತ್ರ, ಆದರೆ ಅಕ್ಷರ ಒರಟು. ಎರಡೂ ಮೆಮೊರಿಯ ಬೇರೆಬೇರೆ ವಿಳಾಸ ಬಳಸುತ್ತಿದ್ದರಿಂದ ಒಂದೇ ಯಂತ್ರದೊಳಗೆ ಎರಡನ್ನೂ ಹಾಕಬಹುದಿತ್ತು. ಹಾಕಿದರೆ ಎರಡು ಮಾನಿಟರ್! ಲೋಟಸ್ 1-2-3 ಬಳಸುವವರು ಒಂದರಲ್ಲಿ ಲೆಕ್ಕದ ಹಾಳೆ, ಇನ್ನೊಂದರಲ್ಲಿ ಗ್ರಾಫ್ ಇಟ್ಟುಕೊಳ್ಳುತ್ತಿದ್ದರು. ಪ್ರೋಗ್ರಾಮರ್‌ಗಳು ಒಂದರಲ್ಲಿ ಪ್ರೋಗ್ರಾಂ ಓಡಿಸಿ ಇನ್ನೊಂದರಲ್ಲಿ ಡಿಬಗರ್ ನೋಡುತ್ತಿದ್ದರು. ಈಗ ನಾವು ಮಾಡೋದೂ ಅದನ್ನೇ ಅಲ್ವಾ?

1987ರ ಮ್ಯಾಕಿಂಟಾಷ್ ಟೂನಲ್ಲಿ ಹಲವು ಸ್ಕ್ರೀನ್ ಸೇರಿಸಿ ಒಂದೇ ದೊಡ್ಡ ಮೇಜಿನ ಹಾಗೆ ಬಳಸಬಹುದಿತ್ತು. ಪಿಸಿ ಕಡೆ ವಿಜಿಎ ಕಾರ್ಡ್‌ಗಳು ಬಂದಮೇಲೆ ಎರಡು ಕಾರ್ಡ್ ಒಂದೇ ವಿಳಾಸಕ್ಕೆ ಜಗಳ ಆಡೋಕೆ ಶುರು ಮಾಡಿದವು. ಅದು ಸರಿಹೋಗಿ, ಸಾಮಾನ್ಯ ಮನುಷ್ಯನ ಕೈಗೆ ಈ ಸೌಲಭ್ಯ ಸಿಕ್ಕಿದ್ದು ವಿಂಡೋಸ್ 98ರಲ್ಲಿ. ಅದು ಒಂಬತ್ತು ಮಾನಿಟರ್ ತನಕ ಒಪ್ಪಿಕೊಳ್ಳುತ್ತಿತ್ತು. ಆದರೆ ಆ ಕಾಲದ 17 ಇಂಚಿನ ಡಬ್ಬಾ ಮಾನಿಟರ್ ಒಂದೇ 80-100 ವಾಟ್ ಕುಡಿಯುತ್ತಿತ್ತು. ಎರಡಿಟ್ಟರೆ ಮೇಜು ಬಗ್ಗುತ್ತೆ, ಯುಪಿಎಸ್ ಕಿರುಚುತ್ತೆ. ಈಗಿನ 24 ಇಂಚಿನ ಎಲ್‌ಇಡಿ ಮಾನಿಟರಿಗೆ 20-25 ವಾಟ್ ಸಾಕು. ಎರಡನೇ ಸ್ಕ್ರೀನು ಮನೆಗೆ ಬರೋಕೆ ಸಾಫ್ಟ್‌ವೇರಿಗಿಂತ ಈ ವಾಟ್ ಇಳಿದಿದ್ದೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ.

ಇನ್ನು ಮೇಜಿನ ಕೆಳಗೆ ಬಗ್ಗಿ ನೋಡೋಣ. ಅಲ್ಲಿರೋ 600 ವಿಎ ಯುಪಿಎಸ್ ಒಳಗೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಇರುತ್ತೆ. ಸೀಸ ಮತ್ತು ಗಂಧಕಾಮ್ಲದ ಈ ಜೋಡಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದದ್ದು 1859ರಲ್ಲಿ. ಪ್ರೊಸೆಸರ್ ವರ್ಷಕ್ಕೊಂದು ಬರುತ್ತೆ, ಅದನ್ನು ಕಾಯೋ ಬ್ಯಾಟರಿ ಮಾತ್ರ ಮುತ್ತಜ್ಜನ ಕಾಲದ್ದು. ಹನ್ನೆರಡೇಳ್ಲಿ ಎಂಬತ್ನಾಲ್ಕು, ಅಂದರೆ 84 ವಾಟ್-ಅವರ್. ಕಂಪ್ಯೂಟರಿಗೆ 100, ಎರಡು ಮಾನಿಟರಿಗೆ 50, ಒಟ್ಟು 150 ವಾಟ್ ಅಂತ ಇಟ್ಟುಕೊಂಡರೆ ಕಾಗದದ ಮೇಲೆ ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ಬರಬೇಕು. ಮನೆಯಲ್ಲಿ ಬರೋದು ಹತ್ತೋ ಹದಿನೈದೋ ನಿಮಿಷ. ಅಂಗಡಿಯವನು ಮೋಸ ಮಾಡಿದ್ದಾನೆ ಅಂತ ಬೈಯೋ ಮೊದಲು, ಸೀಸದ ಬ್ಯಾಟರಿಯಿಂದ ಜೋರಾಗಿ ಎಳೆದಷ್ಟೂ ಅದು ಕೊಡೋ ಒಟ್ಟು ಮೊತ್ತ ಕಮ್ಮಿಯಾಗುತ್ತೆ ಅನ್ನೋದು ಗೊತ್ತಿರಲಿ. ಇದಕ್ಕೆ ಸೂತ್ರ ಬರೆದವನು ಜರ್ಮನಿಯ ಪ್ಯೂಕರ್ಟ್, 1897ರಲ್ಲಿ.

ಇಲ್ಲೊಂದು ತಮಾಷೆ ಲೆಕ್ಕ. ಆ 84 ವಾಟ್-ಅವರ್ ಶಕ್ತಿ ನೀರಿನಿಂದ ಬರಬೇಕಾದರೆ, ನಷ್ಟ ಏನೂ ಇಲ್ಲ ಅಂತಿಟ್ಟುಕೊಂಡರೂ, 300 ಲೀಟರ್ ನೀರು 100 ಮೀಟರ್ ಎತ್ತರದಿಂದ ಬೀಳಬೇಕು. ಒಂದೂವರೆ ಡ್ರಮ್ ನೀರು. ಈ ಲೆಕ್ಕ ನನಗೆ ಹೊಳೆಯೋಕೆ ಕಾರಣವಿದೆ. ನಮ್ಮೂರು ಮಳವಳ್ಳಿ ತಾಲ್ಲೂಕಿನದು, ಶಿವನಸಮುದ್ರ ಇರೋದು ಅದೇ ತಾಲ್ಲೂಕಿನಲ್ಲಿ.

ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿದ್ದು 1902ರಲ್ಲಿ ಅನ್ನೋದು ಶಾಲೆಯಲ್ಲಿ ಓದಿದ್ದೇ. ದಿವಾನ್ ಶೇಷಾದ್ರಿ ಅಯ್ಯರ್ ಹಿಡಿದ ಹಟ, ಆನೆ, ಎತ್ತಿನಗಾಡಿ ಕಟ್ಟಿ ಕಾಡುದಾರಿಯಲ್ಲಿ ಎಳೆದು ತಂದ ಯಂತ್ರಗಳು. ಅದು ಶುರುವಾಗೋದನ್ನು ನೋಡೋಕೆ ಅಯ್ಯರ್ ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡರು. ಮೊದಲ ಕರೆಂಟ್ ಹೋಗಿದ್ದು ಮೈಸೂರಿನ ಅರಮನೆಗೂ ಅಲ್ಲ, ಬೆಂಗಳೂರಿಗೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ, ಮೈಸೂರಿಗೆ ಬಂದದ್ದು 1908ರಲ್ಲಿ. ತಂತಿ ಹಾದುಹೋದ ದಾರಿಯ ಹಳ್ಳಿಗಳು ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು.

ಶಾಲೆಯಲ್ಲಿ ಹೇಳದೇ ಬಿಟ್ಟ ಭಾಗ ನನಗೆ ಹೆಚ್ಚು ಇಷ್ಟ. ಶಿವನಸಮುದ್ರದಲ್ಲಿ ನೀರು ಕೂಡಿಡೋ ದೊಡ್ಡ ಅಣೆಕಟ್ಟು ಇರಲಿಲ್ಲ. ಹೊಳೆಯಲ್ಲಿ ಹರಿದಷ್ಟು ನೀರು, ನೀರಿದ್ದಷ್ಟು ಕರೆಂಟು. ಮಳೆಗಾಲದಲ್ಲಿ ತೊಂದರೆಯಿಲ್ಲ, ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಟರ್ಬೈನೂ ಸೊರಗಬೇಕು. ಗಣಿ ಕಂಪನಿಗಳಿಗೆ ಇದು ಆಗದ ಮಾತು. ನೆಲದಾಳಕ್ಕೆ ಇಳಿದ ಆಳುಗಳನ್ನು ಮೇಲೆತ್ತಬೇಕು, ಒಸರೋ ನೀರನ್ನು ಹಗಲೂ ರಾತ್ರಿ ಹೊರಗೆ ಹಾಕಬೇಕು, ಒಳಗೆ ಗಾಳಿ ಆಡಿಸಬೇಕು. ಅಲ್ಲಿ ಕರೆಂಟ್ ಹೋದರೆ ಹೋಗೋದು ಸೇವ್ ಮಾಡದ ಫೈಲಲ್ಲ, ಜೀವ.

ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು, 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯ್ತು. ಮಂಡ್ಯದ ಕಡೆಯ ನಮಗೆಲ್ಲ ಅದು ಗದ್ದೆಗೆ ನೀರು ಕೊಟ್ಟ ಕಟ್ಟೆ. ನಮ್ಮ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಫೋಟೋ ದೇವರ ಪಕ್ಕ ಇರೋದೂ ಅದಕ್ಕೇ. ಆದರೆ ಕಟ್ಟೆಯ ಮೊದಲ ಹಂತಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು, ವರ್ಷವಿಡೀ ಶಿವನಸಮುದ್ರಕ್ಕೆ ಒಂದೇ ಸಮ ನೀರು ಬಿಟ್ಟು ಗಣಿಗೆ ಖಾತರಿ ಕರೆಂಟ್ ಕೊಡೋದು. ಗಣಿಯಿಂದ ಬರೋ ದುಡ್ಡೇ ಯೋಜನೆಯ ಖರ್ಚಿಗೆ ಆಧಾರ. ಅಂದರೆ ನಾವು ಕೆಆರ್‌ಎಸ್ ಅನ್ನೋದು ಮೈಸೂರು ಸೀಮೆಯ ಮೊದಲ ದೊಡ್ಡ ಪವರ್ ಬ್ಯಾಕಪ್. ಪೇಪರ್ ತೆಗೆದ ತಕ್ಷಣ ನಮ್ಮಪ್ಪ ನೋಡೋದು 124.80 ಅಡಿಯಲ್ಲಿ ಇವತ್ತು ಎಷ್ಟಾಗಿದೆ ಅಂತ. ಬ್ಯಾಟರಿ ಪರ್ಸೆಂಟ್ ನೋಡಿದ ಹಾಗೆ! ಆ ಬ್ಯಾಟರಿ ತುಂಬೋಕೆ ಹಳೇ ಕನ್ನಂಬಾಡಿ ಮತ್ತು ಸುತ್ತಲಿನ ಊರುಗಳು ಮುಳುಗಿದವು. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿದಾಗ ಶರಾವತಿ ಕಣಿವೆಯಲ್ಲೂ ಅದೇ ಆಯ್ತು. ನಾಡಿಗೆಲ್ಲ ಬೆಳಕು ಕೊಟ್ಟು ಊರು ಬಿಟ್ಟವರಲ್ಲಿ ಎಷ್ಟೋ ಮನೆಗಳಿಗೆ ಆಮೇಲೂ ಬಹಳ ಕಾಲ ಕರೆಂಟೇ ಇರಲಿಲ್ಲ.

ಕೆಲವು ಯುಪಿಎಸ್‌ಗಳ ಹಿಂದೆ ಎರಡು ಸಾಲು ಸಾಕೆಟ್ ಇರುತ್ತೆ. ಒಂದು ಸಾಲಿಗೆ ಬ್ಯಾಟರಿಯ ಆಸರೆ, ಇನ್ನೊಂದಕ್ಕೆ ಲೈನ್ ಕರೆಂಟ್ ಮಾತ್ರ. ಯಾವುದನ್ನು ಎಲ್ಲಿ ಚುಚ್ಚಬೇಕು ಅಂತ ನಾವೇ ತೀರ್ಮಾನ ಮಾಡಬೇಕು. ನಾಡಿನ ಕರೆಂಟೂ ಹೀಗೇ ಹಂಚಿಕೆಯಾಗಿದ್ದು. ಮೊದಲ ಸಾಲಿನಲ್ಲಿ ಗಣಿ, ಕಾರ್ಖಾನೆ, ರಾಜಧಾನಿ. ಎರಡನೇ ಸಾಲಿನಲ್ಲಿ ಹಳ್ಳಿ. ದಶಕಗಳ ಕಾಲ ನಮ್ಮ ರಾಜ್ಯ ಹೆಚ್ಚಾಗಿ ನೀರಿನ ಕರೆಂಟನ್ನೇ ನಂಬಿತ್ತು, ರಾಯಚೂರಿನ ಕಲ್ಲಿದ್ದಲ ಸ್ಥಾವರ ಶುರುವಾಗಿದ್ದೇ 1985ರಲ್ಲಿ. ಮಳೆ ಕೈಕೊಟ್ಟ ವರ್ಷ ಲೋಡ್ ಶೆಡ್ಡಿಂಗ್ ಗ್ಯಾರಂಟಿ, ಕಿತ್ತುಹಾಕೋದು ಮೊದಲು ಎರಡನೇ ಸಾಲಿನ ಪ್ಲಗ್ಗು. ನಾನು ಓದುತ್ತಿದ್ದಾಗ ತ್ರೀ ಫೇಸ್ ಬರೋದು ಮೂರೋ ನಾಲ್ಕೋ ಗಂಟೆ, ಅದೂ ಎಷ್ಟೋ ಸಲ ನಡುರಾತ್ರಿ. ಅಪ್ಪ ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತಾ ಪಂಪ್ ಹಾಕೋಕೆ ಹೋಗುತ್ತಿದ್ದರು. ಆಮೇಲೆ ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಯ ಲೈನು, ಪಂಪಿನ ಲೈನು ಬೇರೆಬೇರೆ ಮಾಡಿದರು. ಅದು ನಿಜಕ್ಕೂ ದೊಡ್ಡ ಕೆಲಸ, ಆದರೆ ನಗರದವರಿಗೆ ಅದರ ಹೆಸರೂ ಗೊತ್ತಿಲ್ಲ.

ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಿ ಕೂತಾಗ ಈ ಇತಿಹಾಸವೆಲ್ಲ ನನ್ನ ಮೇಜಿಗೇ ಬಂತು. ಮನೆಗೆ 150 ಆಂಪಿಯರ್-ಅವರ್ ಬ್ಯಾಟರಿಯ ಇನ್ವರ್ಟರ್ ತಂದೆವು. ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇತ್ತು, ಈ ಕಡೆ ಯುಪಿಎಸ್ ಮೋಡ್, ಆ ಕಡೆ ನಾರ್ಮಲ್. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟಿಲ್ಲದೆ ತಡೆಯೋದು ಸುಮಾರು 16 ಮಿಲಿಸೆಕೆಂಡ್. ಅಷ್ಟರೊಳಗೆ ಬ್ಯಾಟರಿ ಕೈಹಿಡಿಯಬೇಕು ಅಂದರೆ ಯುಪಿಎಸ್ ಮೋಡೇ ಬೇಕು. ಆದರೆ ಆ ಮೋಡಿಗೆ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿಯಬಾರದು. ನಮ್ಮೂರಲ್ಲಿ ಸಂಜೆ ಅದು 170. ಲೈನಲ್ಲಿ ಕರೆಂಟ್ ಇದ್ದರೂ ಇನ್ವರ್ಟರ್ ಒಪ್ಪದೆ ಬ್ಯಾಟರಿಗೆ ಹಾರುತ್ತೆ, ಬ್ಯಾಟರಿ ಖಾಲಿ ಆಗುತ್ತೆ. ಈ ಯಂತ್ರ ನಗರದ ವೋಲ್ಟೇಜನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ಅನ್ನಿಸ್ತು.

ಕೊನೆಗೆ ಮಾಡಿದ ವ್ಯವಸ್ಥೆ ಇದು. ಇನ್ವರ್ಟರ್ ನಾರ್ಮಲ್ ಮೋಡಿನಲ್ಲಿ, ಅದರ ಮುಂದೆ ಕಂಪ್ಯೂಟರಿಗೆ ಒಂದು ಚಿಕ್ಕ ಯುಪಿಎಸ್. ಬದಲಾಗೋ ಆ ಕ್ಷಣವನ್ನು ಚಿಕ್ಕದು ದಾಟಿಸುತ್ತೆ, ಮುಂದಿನ ಗಂಟೆಗಳನ್ನು ದೊಡ್ಡದು ನೋಡಿಕೊಳ್ಳುತ್ತೆ. ನೀವೂ ಹೀಗೆ ಮಾಡೋದಾದರೆ ಇನ್ವರ್ಟರ್ ಸೈನ್ ವೇವ್‌ದೇ ಇರಲಿ. ಸ್ಕ್ವೇರ್ ವೇವ್ ಆದರೆ ಹಲವು ಯುಪಿಎಸ್‌ಗಳು ಅದನ್ನು ಕರೆಂಟ್ ಅಂತಲೇ ಒಪ್ಪಲ್ಲ. ಇಂಟರ್ನೆಟ್ಟಿನ ರೂಟರ್, ಕಂಪ್ಯೂಟರ್, ಒಂದು ಮಾನಿಟರ್ ಬ್ಯಾಟರಿ ಸಾಲಿಗೆ. ಜೊತೆಗೆ ಹಾಲು ಕರೆಯೋ ಕೊಟ್ಟಿಗೆಯ ಬಲ್ಬು ಇನ್ವರ್ಟರಿಗೆ, ಅದು ಅಮ್ಮನ ಷರತ್ತು.

ಎರಡನೇ ಮಾನಿಟರ್ ನೋಡಿ ಅಪ್ಪ, "ಎರಡು ಟೀವಿ ಯಾತಕ್ಲಾ ಮಗಾ? ಕಣ್ಣಿರೋದು ಒಂದ್ ಜೊತೆ ತಾನೇ?" ಅಂದರು. ಅದನ್ನು ಗೋಡೆಯ ಸಾಕೆಟ್ಟಿಗೇ ಬಿಟ್ಟೆ. ಕರೆಂಟ್ ಹೋದಾಗ ಅದು ಕಪ್ಪಾಗುತ್ತೆ, ಅದರಲ್ಲಿದ್ದ ಲಾಗ್ ಕಿಟಕಿಗಳೆಲ್ಲ ಮೊದಲ ಸ್ಕ್ರೀನಿಗೆ ಬಂದು ಒಂದರ ಮೇಲೊಂದು ಬೀಳುತ್ತವೆ. ಕರೆಂಟ್ ಬಂದಮೇಲೆ ಕೆಲವು ತಾವಾಗಿ ವಾಪಸ್ ಹೋಗುತ್ತವೆ, ಉಳಿದವನ್ನು ಮೌಸ್ ಹಿಡಿದು ಎಳೆದು ಕೂರಿಸಬೇಕು.