ಹಡಗಿಗೆ ಬಂದ ಊಟದ ತಟ್ಟೆ

ವ್ಯಾಪಾರದ ಚರಿತ್ರೆ ಬರೆಯುವವರು ಹಡಗುಗಳನ್ನು ಎಣಿಸುತ್ತಾರೆ, ನಾಣ್ಯಗಳನ್ನು ಹುಡುಕುತ್ತಾರೆ, ಸುಂಕದ ಲೆಕ್ಕ ಕೊಡುತ್ತಾರೆ. ವರ್ತಕರು ಯಾರ ಮನೆಯಲ್ಲಿ ಉಂಡರು, ಯಾರ ಜಗಲಿಯಲ್ಲಿ ಮಲಗಿದರು ಎಂಬುದು ಅವರಿಗೆ ಸಣ್ಣ ಸಂಗತಿ. ಆದರೆ ಆ ಕಾಲದಲ್ಲಿ ಬ್ಯಾಂಕು, ತಂತಿ ಇರಲಿಲ್ಲ. ಒಂದು ಬಂದರಿನ ಖಾಝಿಯ ತೀರ್ಪು ಇನ್ನೊಂದು ಬಂದರಿನ ರಾಜನಿಗೆ ಅನ್ವಯಿಸುತ್ತಿರಲಿಲ್ಲ. ಹೀಗಿರುವಾಗ ಮಾನ್ಸೂನ್ ಗಾಳಿಯನ್ನು ನಂಬಿ ಬಂದ ಪರದೇಶಿಯೊಬ್ಬ ತನ್ನ ವರ್ಷದ ದುಡಿಮೆಯನ್ನು ಯಾರ ಕೈಗೆ ಒಪ್ಪಿಸಬೇಕು? ಹಿಂದೂ ಮಹಾಸಾಗರದ ಬಂದರುಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರಗಳಲ್ಲಿ ಒಂದು ಅಡುಗೆಮನೆಯಿಂದ ಬಂದಿತ್ತು.

ಇದರ ಅತ್ಯಂತ ಸ್ಪಷ್ಟ ಚಿತ್ರವನ್ನು ಕೊಟ್ಟವನು ಮೊರೊಕ್ಕೋದ ಇಬ್ನ್ ಬತೂತ. 1304ರಲ್ಲಿ ತಾಂಜೀರ್ ನಗರದಲ್ಲಿ ಹುಟ್ಟಿದ ಈ ಸಂಚಾರಿ, 1330ರ ಸುಮಾರಿಗೆ ಆಫ್ರಿಕಾದ ಪೂರ್ವ ತೀರದ ಮೊಗದಿಶುಗೆ ಹೋದ. ಅಲ್ಲಿ ಹಡಗು ಲಂಗರು ಹಾಕುತ್ತಿದ್ದಂತೆಯೇ ಊರಿನ ಯುವಕರು ಸಣ್ಣ ದೋಣಿಗಳಲ್ಲಿ ಹತ್ತಿರ ಬಂದರು. ಒಬ್ಬೊಬ್ಬನ ಕೈಯಲ್ಲೂ ಮುಚ್ಚಿದ ಊಟದ ತಟ್ಟೆ. ಅದನ್ನು ಹಡಗಿನಲ್ಲಿದ್ದ ಒಬ್ಬ ವರ್ತಕನ ಮುಂದಿಟ್ಟು, ಇವನು ನನ್ನ ಅತಿಥಿ ಎಂದು ಸಾರುತ್ತಿದ್ದ. ಆಮೇಲೆ ಆ ವರ್ತಕ ಉಳಿಯಬೇಕಾದುದು ಆ ಯುವಕನ ಮನೆಯಲ್ಲೇ. ಮೊದಲೇ ಊರಿಗೆ ಬಂದು ಹೋಗಿ ಪರಿಚಯವಿದ್ದವರಿಗೆ ಮಾತ್ರ ತಮಗೆ ಬೇಕಾದಲ್ಲಿ ಇಳಿದುಕೊಳ್ಳುವ ಸ್ವಾತಂತ್ರ್ಯ. ಅತಿಥಿಯ ಸರಕನ್ನು ಮಾರಿಕೊಡುವವನೂ, ಅವನಿಗೆ ಬೇಕಾದುದನ್ನು ಕೊಂಡುಕೊಡುವವನೂ ಆತಿಥೇಯನೇ. ಅವನಿಲ್ಲದಾಗ ಯಾರಾದರೂ ಅತಿಥಿಗೆ ಮಾರಿದರೆ, ಇಲ್ಲವೇ ಅತಿಥಿಯಿಂದ ತೀರಾ ಕಡಿಮೆ ಬೆಲೆಗೆ ಕೊಂಡರೆ ಆ ವ್ಯಾಪಾರ ಊರಿನವರ ಕಣ್ಣಲ್ಲಿ ಅಸಿಂಧು.

ಇದನ್ನು ಕೇವಲ ಅತಿಥಿ ಸತ್ಕಾರ ಎಂದು ಹೊಗಳಿ ಮುಂದೆ ಹೋಗುವಂತಿಲ್ಲ. ಮುಚ್ಚಿದ ಆ ತಟ್ಟೆ ಒಂದು ಕರಾರುಪತ್ರವೇ ಆಗಿತ್ತು. ಅದನ್ನು ಸ್ವೀಕರಿಸಿದ ವರ್ತಕ ಮೋಸದಿಂದ ಪಾರಾಗುತ್ತಿದ್ದ; ಊರಿನ ಭಾಷೆ, ತೂಕ, ಅಳತೆ ಗೊತ್ತಿರುವ ಒಬ್ಬ ಮನುಷ್ಯ ಅವನ ಬೆನ್ನಿಗಿರುತ್ತಿದ್ದ. ಜೊತೆಗೆ ಅವನು ಕಟ್ಟಿಬೀಳುತ್ತಲೂ ಇದ್ದ. ಪಕ್ಕದ ಬೀದಿಯಲ್ಲಿ ಹೆಚ್ಚು ಬೆಲೆ ಸಿಗುತ್ತದೆಂದು ಕೇಳಿದರೂ ತಾನಾಗಿ ಹೋಗಿ ಮಾರುವಂತಿಲ್ಲ. ಮೊಗದಿಶುವಿನ ಜನ ಇದರಿಂದ ತಮಗೆ ಲಾಭವಿದೆ ಎಂದು ತಿಳಿದೇ ಇದನ್ನು ನಡೆಸುತ್ತಿದ್ದರು ಎಂಬುದನ್ನು ಬತೂತ ಮುಚ್ಚಿಡುವುದಿಲ್ಲ. ಅವನ ಹಡಗಿಗೂ ಒಬ್ಬ ಯುವಕ ತಟ್ಟೆ ತಂದ. ಇವನು ವ್ಯಾಪಾರಿಯಲ್ಲ, ಧರ್ಮಶಾಸ್ತ್ರ ಬಲ್ಲವನು ಎಂದು ಗೊತ್ತಾದ ಮೇಲೆ ಅವನನ್ನು ಕರೆದೊಯ್ಯಲು ಖಾಝಿಯೇ ಬಂದ. ವಿದ್ವಾಂಸನಾದವನು ಮೊದಲು ಸುಲ್ತಾನನ ಅತಿಥಿ ಎಂಬುದು ಅಲ್ಲಿನ ರಿವಾಜು. ತುಪ್ಪದಲ್ಲಿ ಬೇಯಿಸಿದ ಅನ್ನ, ಕೋಳಿ, ಮಾಂಸ, ಮೀನು, ಹಾಲಿನಲ್ಲಿ ಬೆಂದ ಬಾಳೆಕಾಯಿ, ಮೊಸರು, ಲಿಂಬೆ ಮತ್ತು ಮಾವಿನ ಉಪ್ಪಿನಕಾಯಿ ಅವನ ಮುಂದೆ ಬಂದವು. ಇದನ್ನೆಲ್ಲ ಬೇಯಿಸಿದವರು ಯಾರೆಂದು ಅವನು ಬರೆಯಲಿಲ್ಲ. ಊರೂರಿನ ಊಟವನ್ನು ಇಷ್ಟು ಸವಿದು ವರ್ಣಿಸಿದ ಲೇಖಕನಿಗೆ ಒಲೆಯ ಮುಂದೆ ಕೂತವರ ಕಡೆ ಕಣ್ಣು ಹೋಗಲಿಲ್ಲ.

ಮಾಲ್ದೀವ್ ದ್ವೀಪಗಳಲ್ಲೂ ಅವನು ಇದೇ ಬಗೆಯ ರೂಢಿ ಕಂಡ. ಅಲ್ಲಿ ಊಟದ ತಟ್ಟೆಯ ಬದಲು ವೀಳ್ಯದೆಲೆ ಮತ್ತು ಎಳನೀರು. ಅದನ್ನು ಪಡೆದವನ ಸರಕನ್ನು ಆತಿಥೇಯ ನೆಂಟನ ಗಂಟೆಂಬಂತೆ ಮನೆಗೆ ಹೊತ್ತೊಯ್ಯುತ್ತಿದ್ದ.

ಈ ದಾರಿಯೇ ನಮ್ಮ ಕರಾವಳಿಗೂ ಬರುತ್ತದೆ. 1342ರ ಸುಮಾರಿಗೆ ಬತೂತ ಹೊನ್ನಾವರದಲ್ಲಿದ್ದ. ಕಡಲ ವ್ಯಾಪಾರವೇ ಬದುಕಾಗಿದ್ದ ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡದ್ದಾಗಿ ಅವನು ಬರೆದಿರುವುದನ್ನು ನಮ್ಮಲ್ಲಿ ಅನೇಕರು ಉದ್ಧರಿಸುತ್ತಾರೆ. ಅಲ್ಲಿನ ಒಡೆಯ ಜಮಾಲುದ್ದೀನನ ಮನೆಯ ಊಟದ ವರ್ಣನೆಯನ್ನು ಉದ್ಧರಿಸುವವರು ಕಡಿಮೆ. ತಾಮ್ರದ ಹರಿವಾಣ, ರೇಷ್ಮೆಯುಟ್ಟ ದಾಸಿ, ಅನ್ನದ ಮೇಲೆ ತುಪ್ಪ. ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ಕರಿಮೆಣಸಿನ ಗೊಂಚಲು, ಹಸಿಶುಂಠಿ, ಲಿಂಬೆ, ಮಾವು. ಮೊದಲ ಸಲದ ಅನ್ನ ಮುಗಿದರೆ ಕೋಳಿಯೊಂದಿಗೆ ಇನ್ನೊಂದು ಸಲ, ಆಮೇಲೆ ಮೀನು, ತರಕಾರಿ, ಕೊನೆಗೆ ಮೊಸರು. ಮೊಸರು ಬಂತೆಂದರೆ ಊಟ ಮುಗಿಯಿತೆಂದೇ ಅರ್ಥ. ಏಳು ನೂರು ವರ್ಷಗಳ ಹಿಂದಿನ ಈ ಕ್ರಮದಲ್ಲಿ ಕರಾವಳಿಯ ಓದುಗರಿಗೆ ಹೊಸತೆನಿಸುವುದು ರೇಷ್ಮೆ ಮತ್ತು ದಾಸಿ ಮಾತ್ರ.

ಆದರೆ ಈ ತೀರದಲ್ಲಿ ಮೊಗದಿಶುವಿನ ಪದ್ಧತಿ ಹಾಗೆಯೇ ನಡೆಯುವಂತಿರಲಿಲ್ಲ. ಗೋವೆಯಿಂದ ಕೊಲ್ಲಂವರೆಗಿನ ನಾಡನ್ನೆಲ್ಲ ಮಲಬಾರ್ ಎಂದು ಕರೆಯುವ ಬತೂತ, ಇಲ್ಲಿನ ಹಿಂದೂಗಳು ಮುಸ್ಲಿಮರನ್ನು ಮನೆಯೊಳಗೆ ಕರೆಯುವುದಿಲ್ಲ, ತಮ್ಮ ಪಾತ್ರೆಯಲ್ಲಿ ಉಣಿಸುವುದಿಲ್ಲ ಎನ್ನುತ್ತಾನೆ. ಉಂಡರೆ ಆ ಪಾತ್ರೆಯನ್ನು ಒಡೆಯುತ್ತಾರೆ, ಇಲ್ಲವೇ ಉಂಡವನಿಗೇ ಕೊಟ್ಟುಬಿಡುತ್ತಾರೆ. ದಾರಿಯುದ್ದಕ್ಕೂ ಅರವಟಿಗೆಗಳಿದ್ದವು, ಹಿಂದೂವಿಗೆ ಪಾತ್ರೆಯಲ್ಲಿ ನೀರು, ಮುಸ್ಲಿಮನಿಗೆ ಬೊಗಸೆಗೆ. ಈ ಬೊಗಸೆಯ ನೀರು ಮುಸ್ಲಿಮರಿಗಿಂತಲೂ ಹೆಚ್ಚಾಗಿ, ಹೆಚ್ಚು ಕಹಿಯಾಗಿ ನಮ್ಮ ನಾಡಿನ ದಲಿತರಿಗೆ ಗೊತ್ತು. ಅರಬ್ ವರ್ತಕನಿಗಾದರೋ ಅವನ ಕೈಯಲ್ಲಿದ್ದ ಹಣ, ಕುದುರೆ ಒಂದಿಷ್ಟು ಮರ್ಯಾದೆ ತಂದುಕೊಟ್ಟಿದ್ದವು.

ಇಷ್ಟಾದರೂ ಆ ಜನ ವ್ಯಾಪಾರ ಬಿಡಲಿಲ್ಲ, ಉಣಿಸುವುದನ್ನೂ ಬಿಡಲಿಲ್ಲ. ಮುಸ್ಲಿಮರ ಮನೆಯಿಲ್ಲದ ಕಡೆಗಳಲ್ಲಿ ಹಿಂದೂಗಳೇ ಅಡುಗೆ ಮಾಡಿ ಬಾಳೆ ಎಲೆಯಲ್ಲಿ ಬಡಿಸುತ್ತಿದ್ದರು. ಎಲೆಗೆ ಮೈಲಿಗೆಯ ಭಯವಿಲ್ಲ. ಉಂಡ ಮೇಲೆ ಎಸೆದರಾಯಿತು. ಉಳಿದ ತಂಗುದಾಣಗಳಲ್ಲಿ ಮುಸ್ಲಿಮರ ಮನೆಗಳಿದ್ದು, ಅವು ಇರದಿದ್ದರೆ ಈ ನಾಡಿನಲ್ಲಿ ಮುಸ್ಲಿಮನಾದವನು ಸಂಚರಿಸುವುದೇ ಸಾಧ್ಯವಿರಲಿಲ್ಲ ಎಂದು ಅವನು ಬರೆಯುತ್ತಾನೆ. ಬ್ಯಾರಿ ಎಂಬ ಹೆಸರು ವ್ಯಾಪಾರದಿಂದ ಬಂತೆಂದು ಹಲವರು ಹೇಳುವುದುಂಟು. ಆ ವ್ಯಾಪಾರದಲ್ಲಿ ಅಂಗಡಿಗೆ ಎಷ್ಟು ಪಾಲೋ, ದಾರಿಬದಿಯ ಇಂಥ ಮನೆಗಳ ಪಡಸಾಲೆಗೂ ಅಷ್ಟೇ ಪಾಲು ಕೊಡಬೇಕೆಂದು ನಮಗೆ ತೋರುತ್ತದೆ.

ಊಟವೊಂದೇ ಸಾಲದಾದಾಗ ಏನಾಗುತ್ತಿತ್ತು ಎಂಬುದಕ್ಕೂ ಸಾಕ್ಷಿಯಿದೆ. ಫಾಕನೂರ್ ಎಂದು ಬತೂತ ಕರೆಯುವ ಬಾರ್ಕೂರಿನಲ್ಲಿ, ಅಲ್ಲಿನ ರಾಜ ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳಿಸಿದ. ಆ ಮೇಲೆಯೇ ಇವರು ದಡಕ್ಕಿಳಿದು ಮೂರು ದಿನ ಔತಣ ಉಂಡದ್ದು. ದೆಹಲಿಯ ಸುಲ್ತಾನನ ಮೇಲಿನ ಗೌರವ ಒಂದು ಕಾರಣ, ಹಡಗಿನವರೊಡನೆ ವ್ಯಾಪಾರ ಮಾಡುವ ಆಸೆ ಇನ್ನೊಂದು. ಮಂಗಳೂರಿನಲ್ಲೂ ಇವರು ಒತ್ತೆ ಕೇಳಿದರು. ಅಲ್ಲಿ ಖಾಝಿ ಹಡಗಿಗೆ ಬಂದು, ಬಾರ್ಕೂರಿನ ಮುಸ್ಲಿಮರಿಗೆ ಬಲವಿಲ್ಲ, ಅದಕ್ಕೇ ಅಲ್ಲಿ ಒತ್ತೆ ಬೇಕಾಯಿತು, ಇಲ್ಲಿ ರಾಜನೇ ನಮಗೆ ಅಂಜುತ್ತಾನೆ ಎಂದ. ರಾಜನ ಮಗ ಬರುವವರೆಗೂ ಇವರು ಇಳಿಯಲೊಪ್ಪಲಿಲ್ಲ. ಇಳಿದ ಮೇಲೆ ಇಲ್ಲೂ ಮೂರು ದಿನದ ಸತ್ಕಾರ. ಅತಿಥಿಯ ಹಕ್ಕು ಮೂರು ದಿನ ಎಂಬ ಹದೀಸು ಬಲ್ಲವರಿಗೆ ಈ ಲೆಕ್ಕ ಅಪರಿಚಿತವಲ್ಲ. ಮಂಗಳೂರಿನಲ್ಲಿ ಆಗ ನಾಲ್ಕು ಸಾವಿರ ಮುಸ್ಲಿಮರಿದ್ದರೆಂದೂ, ಊರಿನವರಿಗೂ ಅವರಿಗೂ ಆಗಾಗ ಜಗಳವಾಗುತ್ತಿತ್ತೆಂದೂ, ವರ್ತಕರು ಬೇಕಾದ್ದರಿಂದ ರಾಜನೇ ನಡುವೆ ನಿಂತು ರಾಜಿ ಮಾಡಿಸುತ್ತಿದ್ದನೆಂದೂ ಅವನು ದಾಖಲಿಸಿದ್ದಾನೆ. ಸೌಹಾರ್ದದ ಚರಿತ್ರೆಯನ್ನು ಬರಿಯ ಸಕ್ಕರೆಯಲ್ಲಿ ಅದ್ದಿ ಕೊಡುವ ನಮ್ಮ ಭಾಷಣಕಾರರು ಈ ಭಾಗವನ್ನೂ ಓದಬೇಕು.

ಇದೇ ಮಂಗಳೂರಿನಲ್ಲಿ, ಬತೂತನಿಗೆ ಸುಮಾರು ಇನ್ನೂರು ವರ್ಷ ಮೊದಲು, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ನೆಲೆಸಿದ್ದ. ಇಂದಿನ ಟುನೀಶಿಯಾದ ಮಹ್ದಿಯಾದವನು. ಕೈರೋದ ಸಿನಗಾಗ್ ಒಂದರ ಹಳೆಯ ಕಾಗದಗಳ ರಾಶಿಯಲ್ಲಿ ಅವನಿಗೆ ಬಂದ ಪತ್ರಗಳು ಸಿಕ್ಕಿವೆ. ಅಮಿತಾವ್ ಘೋಷ್ ಅವರ 1992ರ ಪುಸ್ತಕದ ಮೂಲಕ ಈ ಕತೆ ಅನೇಕರಿಗೆ ಪರಿಚಿತ. 1132ರಲ್ಲಿ ಅವನು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಅವಳೇ ಅವನ ಹೆಂಡತಿಯಾದಳೆಂದು ವಿದ್ವಾಂಸರ ಅಭಿಪ್ರಾಯ. ಏಡನ್ನಿನ ಪಾಲುಗಾರರು ಅವನಿಂದ ಮೆಣಸು, ಕಬ್ಬಿಣ, ಅಡಿಕೆ ತರಿಸಿಕೊಳ್ಳುತ್ತಿದ್ದರು. ಹಳೆಯ ಹಿತ್ತಾಳೆ, ತಾಮ್ರ ಕಳಿಸಿ ತಮಗೆ ಬೇಕಾದ ಪಾತ್ರೆಗಳನ್ನು ಅವನ ಕಾರ್ಖಾನೆಯಲ್ಲಿ ಮಾಡಿಸಿಕೊಳ್ಳುತ್ತಿದ್ದರು. ಅದೇ ಹಡಗುಗಳಲ್ಲಿ ಅವನ ಮನೆಗೆಂದು ಸಕ್ಕರೆ, ಒಣದ್ರಾಕ್ಷಿ, ಚಾಪೆ, ಬರೆಯಲು ಕಾಗದ ಉಡುಗೊರೆಯಾಗಿ ಬರುತ್ತಿದ್ದವು. ಎದುರು ಕೂರಿಸಿ ಉಣಿಸಲಾಗದಷ್ಟು ದೂರದಲ್ಲಿದ್ದವನ ಅಡುಗೆಮನೆಗೇ ಹೀಗೆ ಒಂದು ಪಾಲು ಕಳಿಸುವುದು. ಇಂಥ ಸಲುಗೆಯ ಒಳಗೆಯೇ ಶಿಕ್ಷೆಯೂ ಇತ್ತು. ಏಲಕ್ಕಿಗೆಂದು ಮುಂಗಡ ಪಡೆದು ಮಾಲು ಕೊಡದ ಒಬ್ಬ ಸ್ಥಳೀಯನ ಬಗ್ಗೆ ಏಡನ್ನಿನ ಗೆಳೆಯ ಕೊಟ್ಟ ಸಲಹೆ, ನಿನ್ನ ಹೆಸರನ್ನು ಏಡನ್ನಿನಲ್ಲಿ ಕೆಡಿಸುತ್ತೇವೆ ಎಂದು ಅವನನ್ನು ಹೆದರಿಸು ಎಂಬುದು.

1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಕಲ್ಲಿಕೋಟೆಯ ಬಳಿ ಬಂದು ನಿಂತವು. ಮೊದಲು ದಡಕ್ಕೆ ಕಳಿಸಿದ್ದು ಒಬ್ಬ ಶಿಕ್ಷಿತ ಕೈದಿಯನ್ನು. ಅಪಾಯವೇನಿದ್ದರೂ ಅವನಿಗಿರಲಿ ಎಂಬ ಲೆಕ್ಕ. ಊರಿನವರು ಅವನನ್ನು ಸ್ಪೇನಿನ ಮಾತು ಬಲ್ಲ ಇಬ್ಬರು ಟುನೀಶಿಯಾದ ಮುಸ್ಲಿಮರ ಬಳಿಗೆ ಒಯ್ದರು. ಅವರು ಮೊದಲು ಬೈದರು: ಸೈತಾನ ನಿನ್ನನ್ನು ಇಲ್ಲಿಗೆ ಯಾಕೆ ತಂದ? ಬೈದಾದ ಮೇಲೆ ತಮ್ಮ ಬಿಡಾರಕ್ಕೆ ಕರೆದೊಯ್ದು ಗೋಧಿ ರೊಟ್ಟಿ ಮತ್ತು ಜೇನು ಕೊಟ್ಟರು. ಈ ಸಂಗತಿ ನಮಗೆ ತಿಳಿದಿರುವುದು ಆ ಯಾನದ ಪೋರ್ಚುಗೀಸ್ ದಿನಚರಿಯಿಂದಲೇ.

ನಾಲ್ಕು ವರ್ಷಗಳ ನಂತರ, 1502ರಲ್ಲಿ, ಅದೇ ಗಾಮ ಮಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟ. ಆಮೇಲೆ ಈ ಕಡಲಿನ ವರ್ತಕರು ಕರ್ತಾಜ್ ಎಂಬ ಪರವಾನಗಿ ಚೀಟಿಯನ್ನು ಪೋರ್ಚುಗೀಸರಿಂದ ಹಣ ಕೊಟ್ಟು ಪಡೆಯಬೇಕಾಯಿತು. ಹಡಗು ಯಾವುದು, ನಾವಿಕ ಯಾರು, ಸರಕು ಏನು, ಹೋಗುವುದು ಎಲ್ಲಿಗೆ ಎಂದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಅದಿಲ್ಲದ ಹಡಗು ಸಿಕ್ಕರೆ ಸರಕೆಲ್ಲ ಜಪ್ತಿ.