ಇ-2 ವೀಸಾ (ದಕ್ಷಿಣ ಕೊರಿಯಾ)

ಇ-2 ವೀಸಾ ಎಂಬುದು ವಿದೇಶಿ ಭಾಷೆಯ ಸಂಭಾಷಣೆಯನ್ನು ಕಲಿಸುವ ಶಿಕ್ಷಕರಿಗೆ ದಕ್ಷಿಣ ಕೊರಿಯಾ ಸರ್ಕಾರವು ನೀಡುವ ಉದ್ಯೋಗ ವೀಸಾ ಆಗಿದೆ. ಇದನ್ನು ಪಡೆದವರು ಸರ್ಕಾರಿ ಶಾಲೆಗಳಲ್ಲಿ ಅಥವಾ ‘ಹಾಗ್ವಾನ್’ ಎಂಬ ಖಾಸಗಿ ಮನೆಪಾಠ ಕೇಂದ್ರಗಳಲ್ಲಿ ಕೆಲಸ ಮಾಡುತ್ತಾರೆ.

ಅರ್ಹತೆ

ಇಂಗ್ಲಿಷ್ ಬೋಧನೆಗೆ ಈ ವೀಸಾವನ್ನು ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ಎಂಬ 7 ದೇಶಗಳ ಪ್ರಜೆಗಳಿಗೆ ಮಾತ್ರ ನೀಡಲಾಗುತ್ತದೆ. ಅರ್ಜಿದಾರರು ಪದವೀಧರರಾಗಿರಬೇಕು, ಅಪರಾಧ ಹಿನ್ನೆಲೆಯ ಪರಿಶೀಲನಾ ಪತ್ರವನ್ನು ಸಲ್ಲಿಸಬೇಕು, ಮಾದಕದ್ರವ್ಯ ಪರೀಕ್ಷೆಯೂ ಸೇರಿದ ವೈದ್ಯಕೀಯ ತಪಾಸಣೆಗೆ ಒಳಗಾಗಬೇಕು. ಇಂಗ್ಲಿಷ್‌ನಲ್ಲಿ ಎಷ್ಟೇ ಪ್ರಾವೀಣ್ಯವಿದ್ದರೂ ಪೌರತ್ವದ ಷರತ್ತು ಸಡಿಲವಾಗುವುದಿಲ್ಲ.

ಭಾರತೀಯರಿಗೆ ಅವಕಾಶ

2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದವು ಈ ನಿಯಮಕ್ಕೆ ಒಂದು ವಿನಾಯಿತಿಯನ್ನು ಕಲ್ಪಿಸಿತು. ಅದರಂತೆ ಪದವಿಯ ಜೊತೆಗೆ ಇಂಗ್ಲಿಷ್ ಶಿಕ್ಷಕರ ಅರ್ಹತಾಪತ್ರವನ್ನೂ ಹೊಂದಿರುವ ಭಾರತೀಯರು ಪ್ರಾಥಮಿಕ ಹಾಗೂ ಪ್ರೌಢಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಬಹುದು. ಈ ವಿನಾಯಿತಿ ಹಾಗ್ವಾನ್‌ಗಳಿಗೆ ಅನ್ವಯಿಸುವುದಿಲ್ಲ.

ಮಿತಿಗಳು

ಈ ವೀಸಾ ಉದ್ಯೋಗ ನೀಡಿದ ಸಂಸ್ಥೆಯೊಂದಿಗೆ ತಳಕು ಹಾಕಿಕೊಂಡಿರುತ್ತದೆ. ಬೇರೆ ಸಂಸ್ಥೆಯಲ್ಲಿ ದುಡಿಯಲು ವಲಸೆ ಕಚೇರಿಯ ನಿಯಮಗಳನ್ನು ಪಾಲಿಸಬೇಕು; ಅನುಮತಿಯಿಲ್ಲದೆ ಖಾಸಗಿಯಾಗಿ ಮನೆಪಾಠ ಹೇಳುವುದು ಕಾನೂನುಬಾಹಿರ. ಆದ್ದರಿಂದ ದೇಶವನ್ನು ಆಯ್ಕೆಮಾಡುವ ಮೊದಲೇ ತಮ್ಮ ಪೌರತ್ವಕ್ಕೆ ಅನ್ವಯಿಸುವ ನಿಯಮವನ್ನೂ ಒಪ್ಪಂದದ ಷರತ್ತುಗಳನ್ನೂ ಅರ್ಜಿದಾರರು ಪರಿಶೀಲಿಸುವುದು ಅವಶ್ಯಕ.